ಯಾವ ಕತ್ತಲೆಯನ್ನು ಹಾಗೇ ಬಿಡಬೇಕು? ಎಚ್‌ಡಿಆರ್ ಕಲಿಯಲು ಹೊರಟವರಿಗೆ

ಪ್ರಶ್ನೆ: ಆರು ತಿಂಗಳ ಹಿಂದೆ ಒಂದು ಡಿಎಸ್‌ಎಲ್‌ಆರ್ ಕ್ಯಾಮೆರಾ ಕೊಂಡೆ. ಜೊತೆಗೆ ಬಂದ 18-55 ಲೆನ್ಸ್ ಬಿಟ್ಟರೆ ಬೇರೆ ಏನೂ ಇಲ್ಲ. ಮೊನ್ನೆ ಸೋಮನಾಥಪುರಕ್ಕೆ ಹೋಗಿದ್ದೆವು. ಗುಡಿಯ ಒಳಗೆ ನಿಂತು ಬಾಗಿಲ ಕಡೆ ತಿರುಗಿ ಫೋಟೋ ತೆಗೆದರೆ ಕಂಬಗಳೆಲ್ಲ ಕಪ್ಪು, ಬಾಗಿಲು ಮಾತ್ರ ಬೆಳ್ಳಗೆ. ತಂಗಿಯ ಮೊಬೈಲಿನಲ್ಲಿ ಮಾತ್ರ ಎರಡೂ ಚೆನ್ನಾಗಿ ಬಂತು. ಯಾರೋ ಹೇಳಿದರು ಅಂತ ಮೂರು ಫೋಟೋ ತೆಗೆದು ಸಾಫ್ಟ್‌ವೇರಿನಲ್ಲಿ ಎಚ್‌ಡಿಆರ್ ಮಾಡಿ ನೋಡಿದೆ. ಕಲ್ಲಿಗೆ ಬಣ್ಣ ಬಳಿದ ಹಾಗೆ ಕಾಣುತ್ತಿದೆ. ಇದನ್ನು ಸರಿಯಾಗಿ ಕಲಿಯಲು ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ಕ್ಯಾಮೆರಾ ಕೆಟ್ಟಿಲ್ಲ. ನೀವು ನಿಂತ ಜಾಗ ಎಂಥ ಕ್ಯಾಮೆರಾಕ್ಕೂ ಕಷ್ಟದ್ದು.

ಆ ದಿನ ಗುಡಿಯ ಒಳಗೆ ಕಾಲಿಟ್ಟಾಗ ಏನಾಯಿತು, ನೆನಪು ಮಾಡಿಕೊಳ್ಳಿ. ಹೊರಗೆ ಅಂಗಳದಲ್ಲಿ ಕಣ್ಣು ಕುಕ್ಕುವ ಬಿಸಿಲು. ಹೊಸ್ತಿಲು ದಾಟಿದ ಕೂಡಲೇ ಕತ್ತಲೆ. ಸ್ವಲ್ಪ ಹೊತ್ತು ಏನೂ ಸರಿಯಾಗಿ ಕಾಣುವುದಿಲ್ಲ. ಆಮೇಲೆ ಕಂಬದ ಬಳೆಗಳು ಒಂದೊಂದಾಗಿ ಮೂಡುತ್ತವೆ. ಇನ್ನೂ ಸ್ವಲ್ಪ ಹೊತ್ತು ನಿಂತರೆ ತಲೆಯ ಮೇಲಿನ ಭುವನೇಶ್ವರಿ, ಅಂದರೆ ಕೆತ್ತನೆಯ ಚಾವಣಿ, ಅದರ ನಡುವೆ ಇಳಿಬಿದ್ದ ಬಾಳೆಹೂವು ಕಾಣಿಸುತ್ತದೆ. ನಮ್ಮ ಕಣ್ಣು ಕತ್ತಲೆಗೆ ಪೂರ್ತಿ ಒಗ್ಗಲು 20ರಿಂದ 30 ನಿಮಿಷ ಬೇಕು. ಒಗ್ಗಿದ ಮೇಲೂ ಕಣ್ಣು ಸುಮ್ಮನೆ ಇರುವುದಿಲ್ಲ. ಬಾಗಿಲ ಕಡೆ ನೋಡಿದಾಗ ಪಾಪೆ ಕಿರಿದಾಗುತ್ತದೆ, ಮೇಲೆ ನೋಡಿದಾಗ ಹಿರಿದಾಗುತ್ತದೆ. ಮಿದುಳು ಇವೆಲ್ಲವನ್ನೂ ಸೇರಿಸಿ ಹೊಲಿದು ಒಂದೇ ನೋಟ ಮಾಡಿ ಕೊಡುತ್ತದೆ. ಕ್ಯಾಮೆರಾ ಒಂದೇ ಸಲ ಕಣ್ಣು ತೆರೆದು ಮುಚ್ಚುತ್ತದೆ. ಹಲವು ಸಲ ತೆರೆಯಲು ಅದಕ್ಕೂ ಬಿಟ್ಟು, ಬಂದದ್ದನ್ನು ನಾವು ಹೊಲಿದರೆ ಅದೇ ಎಚ್‌ಡಿಆರ್.

ಈ ಹೊಲಿಗೆಯ ಸಾಫ್ಟ್‌ವೇರ್ ಕಲಿಯಲು ಒಂದು ಸಂಜೆ ಸಾಕು. ಯಾವ ಕತ್ತಲೆಯನ್ನು ಹಾಗೇ ಬಿಡಬೇಕು ಅನ್ನುವುದನ್ನು ಕಲಿಯಲು ನನಗೆ ವರ್ಷಗಳೇ ಹಿಡಿದವು. ನಿಮ್ಮ ಫೋಟೋ ಬಣ್ಣ ಬಳಿದ ಹಾಗೆ ಕಾಣುತ್ತಿರುವುದು ಈ ಎರಡನೆಯ ಪಾಠ ಇನ್ನೂ ಆಗದ ಕಾರಣಕ್ಕೆ. ಹಾಗಾಗಿ ನನ್ನ ಉತ್ತರವೆಲ್ಲ ಅದರ ಸುತ್ತಲೇ ಇರುತ್ತದೆ.

ಮೊದಲು ಸ್ವಲ್ಪ ಅಳತೆಯ ಮಾತು. ಫೋಟೋಗ್ರಫಿಯಲ್ಲಿ ಬೆಳಕನ್ನು ಸ್ಟಾಪ್‌ಗಳಲ್ಲಿ ಎಣಿಸುತ್ತೇವೆ. ಬೆಳಕು ಎರಡು ಪಟ್ಟಾದರೆ ಒಂದು ಸ್ಟಾಪ್, ನಾಲ್ಕು ಪಟ್ಟಾದರೆ ಎರಡು, ಎಂಟು ಪಟ್ಟಾದರೆ ಮೂರು. ಹತ್ತು ಸ್ಟಾಪ್ ಅಂದರೆ 1024 ಪಟ್ಟು. ಈಗ ನಿಮ್ಮ ನವರಂಗಕ್ಕೆ, ಅಂದರೆ ಗುಡಿಯೊಳಗಿನ ಆ ಕಂಬಗಳ ಮಂಟಪಕ್ಕೆ ಬನ್ನಿ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಅಪರ್ಚರ್ (ಲೆನ್ಸಿನ ಕಿಂಡಿ) ಎಫ್ 8 ಇಟ್ಟು ಬಾಗಿಲಾಚೆ ಬಿಸಿಲು ಬಿದ್ದ ಕಲ್ಲಿಗೆ ಸ್ಪಾಟ್ ಮೀಟರ್ (ಒಂದು ಚಿಕ್ಕ ಜಾಗದ ಬೆಳಕನ್ನು ಮಾತ್ರ ಅಳೆಯುವ ಮೀಟರ್) ಹಿಡಿದರೆ ಅದು ಸುಮಾರು 1/500 ಸೆಕೆಂಡ್ ತೆರೆದರೆ ಸಾಕು ಅನ್ನುತ್ತದೆ. ಅದನ್ನೇ ಒಳಗೆ ಮೂಲೆಯ ಭುವನೇಶ್ವರಿಗೆ ಹಿಡಿದರೆ ಸುಮಾರು 4 ಸೆಕೆಂಡ್. ಇವೆರಡರ ನಡುವೆ 2000 ಪಟ್ಟು ವ್ಯತ್ಯಾಸ, ಅಂದರೆ 11 ಸ್ಟಾಪ್. ಬಾಗಿಲಾಚೆಯ ಆಕಾಶ ಆ ಕಲ್ಲಿಗಿಂತ ಬೆಳ್ಳಗೆ, ಭುವನೇಶ್ವರಿಯ ಕೆತ್ತನೆಯ ಸಂದುಗಳು ಅದರ ಮೈಗಿಂತ ಕಪ್ಪು. ಅವನ್ನೂ ಸೇರಿಸಿದರೆ 14 ಸ್ಟಾಪ್ ದಾಟುತ್ತದೆ. ಒಂದು ನೋಟದಲ್ಲಿ ಅತಿ ಬೆಳಕಿನ ಜಾಗಕ್ಕೂ ಅತಿ ಕತ್ತಲೆಯ ಜಾಗಕ್ಕೂ ಇರುವ ಈ ಅಂತರಕ್ಕೇ ಡೈನಾಮಿಕ್ ರೇಂಜ್ ಅನ್ನುವುದು. ಎಚ್‌ಡಿಆರ್ ಅಂದರೆ ಹೈ ಡೈನಾಮಿಕ್ ರೇಂಜ್.

ನಿಮ್ಮಂಥ ಕ್ಯಾಮೆರಾದ ಸೆನ್ಸರ್ ಅತಿ ಕಡಿಮೆ ಐಎಸ್‌ಒದಲ್ಲಿ 12ರಿಂದ 14 ಸ್ಟಾಪ್ ಹಿಡಿಯುತ್ತದೆ ಅಂತ ಹೇಳುತ್ತಾರೆ. ಹಿಡಿಯುತ್ತದೆ ನಿಜ. ಆದರೆ ಕೊನೆಯ ಮೂರು ನಾಲ್ಕು ಸ್ಟಾಪ್‌ಗಳ ಕತ್ತಲೆಯಲ್ಲಿ ಬರೀ ಚುಕ್ಕೆಗಳೇ ಇರುತ್ತವೆ. ಅದನ್ನು ಎಳೆದು ಬೆಳಗಿಸಿದರೆ ಕೆಂಪು, ಹಸಿರು ಮರಳು ಎರಚಿದ ಹಾಗೆ ಕಾಣುತ್ತದೆ. ಕೆಲಸಕ್ಕೆ ಬರುವುದು ಸುಮಾರು ಹತ್ತು ಸ್ಟಾಪ್ ಅಂತ ನಾನು ಲೆಕ್ಕ ಇಟ್ಟುಕೊಳ್ಳುತ್ತೇನೆ. ಜೆಪೆಗ್‌ನಲ್ಲಿ ತೆಗೆದರೆ ಅದೂ ಸಿಗುವುದಿಲ್ಲ. ಜೆಪೆಗ್ ಫೈಲಿನಲ್ಲಿ ಪ್ರತಿ ಬಣ್ಣಕ್ಕೆ 256 ಮೆಟ್ಟಿಲು ಮಾತ್ರ. ಸೆನ್ಸರ್ ಹಿಡಿದದ್ದನ್ನು ಹಾಗೇ ಉಳಿಸುವ 14 ಬಿಟ್ ರಾ ಫೈಲಿನಲ್ಲಿ 16,384. ಹಾಗಾಗಿ ಇವತ್ತೇ ಮೆನುಗೆ ಹೋಗಿ ರಾ ಆನ್ ಮಾಡಿ. ಬೇರೆ ಯಾವುದಕ್ಕೂ ಕಾಯಬೇಡಿ.

ತಂಗಿಯ ಮೊಬೈಲಿನ ವಿಷಯ. ಅದು ನಿಮಗೆ ಗೊತ್ತಾಗದ ಹಾಗೆ ಎಚ್‌ಡಿಆರ್ ಮಾಡಿದೆ. ಐಫೋನಿಗೆ ಈ ಸೌಲಭ್ಯ ಬಂದಿದ್ದು 2010ರಲ್ಲಿ. ಗೂಗಲ್ 2013ರಲ್ಲಿ ನೆಕ್ಸಸ್ 5 ಫೋನಿಗೆ ತಂದ ವಿಧಾನದಲ್ಲಿ ಫೋನು ಕಡಿಮೆ ಬೆಳಕಿನ ಹಲವು ಫ್ರೇಮ್‌ಗಳನ್ನು ಚಕಚಕನೆ ತೆಗೆದು, ಒಂದರ ಮೇಲೊಂದು ಕೂರಿಸಿ, ಚುಕ್ಕೆಗಳನ್ನು ಕಳೆದು, ಕತ್ತಲೆಯನ್ನು ಎತ್ತುತ್ತದೆ. ಈಗ ಎಲ್ಲ ಫೋನುಗಳೂ ಇಂಥದ್ದೇ ಏನೋ ಒಂದನ್ನು ಮಾಡುತ್ತವೆ. ಚೆನ್ನಾಗಿಯೇ ಮಾಡುತ್ತವೆ. ಆದರೆ ಯಾವ ಕತ್ತಲೆ ಉಳಿಯಬೇಕು ಅಂತ ಅಲ್ಲಿ ತೀರ್ಮಾನ ಮಾಡುವುದು ಫೋನು. ನಿಮ್ಮ ಕ್ಯಾಮೆರಾದಲ್ಲಿ ಆ ತೀರ್ಮಾನ ನಿಮ್ಮದು. ಕಲಿಯುವ ಸುಖವೂ ಅದರಲ್ಲೇ ಇದೆ.

ಮುಂದಿನ ಭಾನುವಾರ ಸೋಮನಾಥಪುರಕ್ಕೆ ಓಡಬೇಡಿ. ನಿಮ್ಮ ಅಡುಗೆಮನೆಗೆ ಹೋಗಿ. ನಾನು ಯಾರಿಗೇ ಹೇಳಿಕೊಟ್ಟರೂ ಶುರು ಮಾಡಿಸುವುದು ಅಲ್ಲಿಂದಲೇ. ಬೆಳಗ್ಗೆ ಒಂಬತ್ತರ ಹೊತ್ತು, ಕಿಟಕಿಯಾಚೆ ಬಿಸಿಲು. ಕಿಟಕಿಯ ಪಕ್ಕ ಸ್ಟ್ಯಾಂಡಿನಲ್ಲಿ ಸ್ಟೀಲ್ ಪಾತ್ರೆಗಳು. ಕಟ್ಟೆಯ ಕೆಳಗೆ ಗ್ಯಾಸ್ ಸಿಲಿಂಡರ್, ಅದರ ಹಿಂದೆ ಕತ್ತಲೆ. ಸೋಮನಾಥಪುರದ ಕಷ್ಟವೆಲ್ಲ ಇಲ್ಲೂ ಇದೆ. ಟ್ರೈಪಾಡ್ ಇಲ್ಲದಿದ್ದರೆ ಒಂದು ಸ್ಟೂಲಿನ ಮೇಲೆ ನಾಲ್ಕು ದಪ್ಪ ಪುಸ್ತಕ ಜೋಡಿಸಿ ಕ್ಯಾಮೆರಾ ಇಡಿ. ಎರಡು ಸೆಕೆಂಡಿನ ಟೈಮರ್ ಹಾಕಿ, ಬೆರಳು ತಾಗಿ ಅಲುಗುವುದು ತಪ್ಪುತ್ತದೆ.

ಮೋಡ್ ಅನ್ನು ಎಂಗೆ ತಿರುಗಿಸಿ, ಅಂದರೆ ಪೂರ್ತಿ ಮ್ಯಾನುಯಲ್. ಐಎಸ್‌ಒ 100, ಎಫ್ 8. ವೈಟ್ ಬ್ಯಾಲೆನ್ಸ್ ಆಟೋದಲ್ಲಿ ಬಿಡದೆ ಹಗಲು ಬೆಳಕಿಗೆ ಇಡಿ. ಪಾತ್ರೆಗಳ ಮೇಲೆ ಒಮ್ಮೆ ಫೋಕಸ್ ಮಾಡಿ, ಲೆನ್ಸಿನ ಮೇಲಿನ ಗುಂಡಿಯನ್ನು ಮ್ಯಾನುಯಲ್ ಫೋಕಸಿಗೆ ತಳ್ಳಿ. ಇನ್ನು ಮುಂದೆ ನೀವು ಬದಲಿಸುವುದು ಶಟರ್ ವೇಗ ಒಂದನ್ನೇ. ಅಪರ್ಚರ್ ಬದಲಿಸಿದರೆ ಹಿಂದಿನದು ಮುಂದಿನದು ಮಸುಕಾಗುವ ಅಳತೆಯೂ ಬದಲಾಗಿ ಫ್ರೇಮ್‌ಗಳು ಒಂದಕ್ಕೊಂದು ಹೊಂದುವುದಿಲ್ಲ.

ಈಗ ಕಿಟಕಿಯನ್ನು ಉಳಿಸುವ ಫ್ರೇಮ್ ಹುಡುಕಿ. ಒಂದು ಫೋಟೋ ತೆಗೆಯಿರಿ, ಕ್ಯಾಮೆರಾದ ಹಿಂದೆ ಹಿಸ್ಟೋಗ್ರಾಂ ನೋಡಿ. ಅದು ಗುಡ್ಡದ ಹಾಗಿರುವ ಒಂದು ಚಿತ್ರ. ಎಡಗಡೆ ಕತ್ತಲೆ, ಬಲಗಡೆ ಬೆಳಕು. ಗುಡ್ಡ ಬಲಗಡೆಯ ಗೋಡೆಗೆ ಒತ್ತಿಕೊಂಡು ನಿಂತಿದ್ದರೆ ಕಿಟಕಿ ಸುಟ್ಟುಹೋಗಿದೆ ಅಂತ ಅರ್ಥ. ಅಲ್ಲಿ ಮರವೂ ಇಲ್ಲ, ಎಲೆಯೂ ಇಲ್ಲ, ಬರೀ ಬಿಳಿ. ಶಟರ್ ವೇಗ ಹೆಚ್ಚಿಸುತ್ತಾ ಹೋಗಿ. ಗುಡ್ಡ ಗೋಡೆ ಬಿಟ್ಟು ಈಚೆ ಬಂದ ಕೂಡಲೇ ನಿಲ್ಲಿಸಿ. ಆ ವೇಗವನ್ನು ಒಂದು ಚೀಟಿಯಲ್ಲಿ ಬರೆದಿಡಿ. ಆಮೇಲೆ ಉಲ್ಟಾ ಹೋಗಿ. ಸಿಲಿಂಡರಿನ ಹಿಂದಿನ ಕತ್ತಲೆ ಎಡಗಡೆಯ ಗೋಡೆ ಬಿಡುವವರೆಗೆ ವೇಗ ಇಳಿಸಿ. ಅದನ್ನೂ ಬರೆದಿಡಿ. ಇವೆರಡು ನಿಮ್ಮ ಎಲ್ಲೆಗಳು. ನಡುವೆ ಎರಡೆರಡು ಸ್ಟಾಪಿಗೆ ಒಂದೊಂದು ಫ್ರೇಮ್ ತುಂಬಿಸಿದರೆ ಕೆಲಸ ಮುಗಿಯಿತು. ಉದಾಹರಣೆಗೆ 1/250 ಮತ್ತು 1/4 ನಿಮ್ಮ ಎಲ್ಲೆಗಳಾದರೆ 1/250, 1/60, 1/15, 1/4. ನಾಲ್ಕು ಫ್ರೇಮ್ ಸಾಕು.

ಸ್ಟೀಲ್ ಪಾತ್ರೆಯ ಮೇಲೆ ಸೂರ್ಯ ಹೊಳೆಯುವ ಆ ಚುಕ್ಕೆ ಇದೆಯಲ್ಲ, ಅದನ್ನು ಉಳಿಸಲು ಹೋಗಬೇಡಿ. ಅದು ಪೂರ್ತಿ ಬಿಳಿಯಾಗಿಯೇ ಇರಬೇಕು. ಆ ಹೊಳಪು ಬೂದಿ ಬಣ್ಣಕ್ಕೆ ಇಳಿದರೆ ಸ್ಟೀಲು ಪ್ಲಾಸ್ಟಿಕ್ಕಾಗುತ್ತದೆ.

ಕ್ಯಾಮೆರಾದಲ್ಲಿ ಬ್ರಾಕೆಟಿಂಗ್ ಅಂತ ಒಂದು ಆಯ್ಕೆ ಇರುತ್ತದೆ. ಒಂದು ಸಲ ಒತ್ತಿದರೆ ತಾನೇ ಮೂರು ಬೇರೆ ಬೇರೆ ಫ್ರೇಮ್ ತೆಗೆಯುತ್ತದೆ. ಒಳ್ಳೆಯದು, ಬಳಸಿ. ಆದರೆ ಎರಡು ಸ್ಟಾಪ್ ಅಂತರದ ಮೂರು ಫ್ರೇಮ್ ಅಂದರೆ ಮೊದಲಿಂದ ಕೊನೆಗೆ ನಾಲ್ಕೇ ಸ್ಟಾಪ್. ಬಿಸಿಲಿನ ಬೀದಿಗೆ ಅದು ಸಾಕು, ನವರಂಗಕ್ಕೆ ಸಾಲದು. ಕೆಲವು ಆರಂಭದ ಮಾದರಿಗಳಲ್ಲಿ ಬ್ರಾಕೆಟಿಂಗ್ ಇರುವುದೇ ಇಲ್ಲ. ನಿಮ್ಮದರಲ್ಲಿ ಇಲ್ಲದಿದ್ದರೆ ಬೇಜಾರು ಬೇಡ. ಕೈಯಿಂದ ಶಟರ್ ತಿರುಗಿಸಿ ಕಲಿತವರಿಗೆ ಬೆಳಕಿನ ಲೆಕ್ಕ ಬೇಗ ಕೈಗೆ ಹತ್ತುತ್ತದೆ. ಇದು ನಾನು ಹಲವರಲ್ಲಿ ಕಂಡ ಮಾತು.

ಫ್ರೇಮ್‌ಗಳನ್ನು ಕಂಪ್ಯೂಟರಿಗೆ ಹಾಕಿದ ಮೇಲೂ ತಕ್ಷಣ ಸೇರಿಸಬೇಡಿ. ಮೊದಲು 1/60ರ ಒಂದೇ ರಾ ಫೈಲ್ ತೆಗೆದುಕೊಳ್ಳಿ. ಹೈಲೈಟ್ಸ್ ಇಳಿಸಿ, ಶ್ಯಾಡೋಸ್ ಏರಿಸಿ, ಎಷ್ಟು ಬರುತ್ತದೆ ನೋಡಿ. ತುಂಬಾ ಸಲ ಅಷ್ಟಕ್ಕೇ ಕೆಲಸ ಆಗಿಬಿಡುತ್ತದೆ. ಬೇಕಿಲ್ಲದ ಕಡೆ ಎಚ್‌ಡಿಆರ್ ಮಾಡುವುದೇ ಹೊಸಬರ ದೊಡ್ಡ ತಪ್ಪು ಅಂತ ನನಗನ್ನಿಸುತ್ತದೆ. ಆಮೇಲೆ ನಾಲ್ಕನ್ನೂ ಸೇರಿಸಿ ಎರಡನ್ನೂ ಅಕ್ಕಪಕ್ಕ ಇಡಿ. ಸಿಲಿಂಡರಿನ ಹಿಂದಿನ ಗೋಡೆಯನ್ನು ದೊಡ್ಡದು ಮಾಡಿ ನೋಡಿ. ಒಂದರಲ್ಲಿ ಮರಳು, ಇನ್ನೊಂದರಲ್ಲಿ ಗೋಡೆಯ ಸುಣ್ಣದ ಬಿರುಕು. ಆ ವ್ಯತ್ಯಾಸ ಕಣ್ಣಿಗೆ ಬಿದ್ದ ದಿನ ಎಚ್‌ಡಿಆರ್ ಯಾಕೆ ಬೇಕು ಅನ್ನುವುದು ಗೊತ್ತಾಗಿಬಿಡುತ್ತದೆ.

ಸೇರಿಸುವ ಕೆಲಸಕ್ಕೆ ಎರಡು ದಾರಿ ಇವೆ. ಒಂದರಲ್ಲಿ ಸಾಫ್ಟ್‌ವೇರ್ ಎಲ್ಲ ಫ್ರೇಮ್‌ಗಳಿಂದ ಆ ಜಾಗದ ನಿಜವಾದ ಬೆಳಕನ್ನು ಲೆಕ್ಕ ಹಾಕಿ ಒಂದು ದೊಡ್ಡ ಫೈಲ್ ಮಾಡುತ್ತದೆ. ಮಾಮೂಲಿ ಫೋಟೋಗಳಿಂದ ಈ ಲೆಕ್ಕ ತೆಗೆಯುವ ವಿಧಾನವನ್ನು ಪಾಲ್ ಡೆಬೆವೆಕ್ ಮತ್ತು ಜಿತೇಂದ್ರ ಮಲಿಕ್ 1997ರಲ್ಲಿ ಪ್ರಕಟಿಸಿದರು. ಅದರ ಮೇಲೆ ಆಮೇಲೆ ಎಷ್ಟೋ ಕೆಲಸ ನಡೆಯಿತು. ಈ ಫೈಲಿನಲ್ಲಿರುವ ಬೆಳಕಿನ ಅಂತರವನ್ನು ಸಾಮಾನ್ಯ ಪರದೆ ತೋರಿಸಲಾರದು, ಕಾಗದದ ಪ್ರಿಂಟಂತೂ ಇನ್ನೂ ಕಡಿಮೆ. ಹಾಗಾಗಿ ಅದನ್ನು ಒತ್ತಿ ಚಿಕ್ಕದು ಮಾಡಬೇಕು. ಇದಕ್ಕೆ ಟೋನ್ ಮ್ಯಾಪಿಂಗ್ ಅನ್ನುತ್ತಾರೆ. ಲೈಟ್‌ರೂಮ್‌ನಲ್ಲಿ 2015ರಿಂದ ಇರುವ ಎಚ್‌ಡಿಆರ್ ಮರ್ಜ್ ಈ ಜಾತಿಯದು. ದುಡ್ಡು ಕೊಡದೆ ಸಿಗುವ ಲ್ಯುಮಿನನ್ಸ್ ಎಚ್‌ಡಿಆರ್ ಕೂಡ ಇದನ್ನೇ ಮಾಡುತ್ತದೆ.

ಎರಡನೆಯದು ಎಕ್ಸ್‌ಪೋಶರ್ ಫ್ಯೂಶನ್. 2007ರಲ್ಲಿ ಬಂದ ವಿಧಾನ. ಇದು ಬೆಳಕನ್ನು ಲೆಕ್ಕ ಹಾಕಲು ಹೋಗುವುದೇ ಇಲ್ಲ. ಪ್ರತಿ ಜಾಗಕ್ಕೂ ಯಾವ ಫ್ರೇಮ್ ಚೆನ್ನಾಗಿ ಬಂದಿದೆಯೋ ಅದಕ್ಕೆ ಜಾಸ್ತಿ ತೂಕ ಕೊಟ್ಟು, ಅಂಚು ಕಾಣದ ಹಾಗೆ ಬೆರೆಸುತ್ತದೆ. ಉಚಿತವಾಗಿ ಸಿಗುವ ಹ್ಯೂಗಿನ್ ಜೊತೆ ಬರುವ ಎನ್‌ಫ್ಯೂಸ್ ಇದನ್ನು ಮಾಡುತ್ತದೆ. ಹೊಸಬರಿಗೆ ನಾನು ಹೇಳುವುದು ಇದನ್ನೇ. ತಿರುಗಿಸಲು ಗುಂಡಿಗಳು ಕಡಿಮೆ, ಹಾಗಾಗಿ ಕೆಡಿಸುವ ಅವಕಾಶವೂ ಕಡಿಮೆ. ಫಲಿತಾಂಶ ಸ್ವಲ್ಪ ಸಪ್ಪೆ ಇರುತ್ತದೆ. ಇರಲಿ, ಸಪ್ಪೆಗೆ ಉಪ್ಪು ಹಾಕಬಹುದು, ಉಪ್ಪಾದದ್ದನ್ನು ಸರಿ ಮಾಡುವುದು ಕಷ್ಟ.

ಈ ಬೆರೆಸುವ ಯೋಚನೆ ಕಂಪ್ಯೂಟರಿನ ಕಾಲದ್ದೇನೂ ಅಲ್ಲ. 1850ರ ದಶಕದಲ್ಲಿ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಸಮುದ್ರದ ಫೋಟೋಗಳನ್ನು ತೆಗೆಯುತ್ತಿದ್ದರು. ಆಗಿನ ಗಾಜಿನ ಪ್ಲೇಟುಗಳಿಗೆ ನೀಲಿ ಬೆಳಕು ಬೇಗ ತಾಗುತ್ತಿತ್ತು. ಸಮುದ್ರ ಸರಿಯಾಗಿ ಬರುವಷ್ಟು ಹೊತ್ತು ತೆರೆದರೆ ಆಕಾಶ ಪೂರ್ತಿ ಬೆಳ್ಳಗಾಗಿಬಿಡುತ್ತಿತ್ತು, ಮೋಡಗಳೇ ಇಲ್ಲ. ಅವರು ಸಮುದ್ರಕ್ಕೊಂದು, ಆಕಾಶಕ್ಕೊಂದು ನೆಗೆಟಿವ್ ಮಾಡಿ, ದಿಗಂತದ ಗೆರೆಯಲ್ಲಿ ಎರಡನ್ನೂ ಸೇರಿಸಿ ಒಂದೇ ಪ್ರಿಂಟ್ ತೆಗೆದರು. ಎಷ್ಟೋ ಪ್ರಿಂಟ್‌ಗಳಲ್ಲಿ ಆ ಸೇರಿಕೆಯ ಗೆರೆ ಹುಡುಕಿದರೂ ಸಿಗುವುದಿಲ್ಲ. ನಿಮ್ಮ ಬಾಗಿಲು ಮತ್ತು ಕಂಬದ ಸಮಸ್ಯೆ ಅವರದ್ದೂ ಆಗಿತ್ತು ಅಂತ ನೆನೆದರೆ ನನಗೆ ಏನೋ ಒಂದು ಧೈರ್ಯ ಬರುತ್ತದೆ.

ಈಗ ಬಣ್ಣ ಬಳಿದ ಹಾಗೆ ಕಾಣುವ ವಿಷಯಕ್ಕೆ ಬರೋಣ. ಸೋಮನಾಥಪುರದ ಗುಡಿ 1258ರದ್ದು, ಬಳಪದ ಕಲ್ಲಿನದು. ಆ ಕಲ್ಲಿನ ಬಣ್ಣ ಬೂದಿಯೂ ಅಲ್ಲ, ಪೂರ್ತಿ ಹಸಿರೂ ಅಲ್ಲ. ಒಳಗಿನ ಕಂಬಗಳು ಕಡೆದು ನಯ ಮಾಡಿದಂಥವು. ಬಾಗಿಲಿಂದ ಬಂದ ಬೆಳಕು ಒಂದೊಂದು ಬಳೆಯ ಮೇಲೂ ತೆಳ್ಳಗೆ ಒಂದು ಗೆರೆಯಾಗಿ ಬೀಳುತ್ತದೆ. ಆ ಗೆರೆಯಿಂದ ಹಿಂದಕ್ಕೆ ಹೋದ ಹಾಗೆ ಬೆಳಕು ಮೆಲ್ಲಗೆ ಆರುತ್ತಾ ಹೋಗಿ ಕೊನೆಗೆ ಕತ್ತಲೆಯಲ್ಲಿ ಕರಗುತ್ತದೆ. ಕಂಬ ದುಂಡಗಿದೆ ಅಂತ ನಮಗೆ ಗೊತ್ತಾಗುವುದೇ ಈ ಆರುವಿಕೆಯಿಂದ.

ಕ್ಲಾರಿಟಿ, ಡೀಟೇಲ್, ಸ್ಟ್ರೆಂತ್ ಅಂತ ಒಂದೊಂದು ಸಾಫ್ಟ್‌ವೇರಿನಲ್ಲಿ ಒಂದೊಂದು ಹೆಸರಿನ ಗುಂಡಿ ಇರುತ್ತದೆ. ಅದನ್ನು ಬಲಕ್ಕೆ ಎಳೆದರೆ ಏನಾಗುತ್ತದೆ ನೋಡಿ. ಸಾಫ್ಟ್‌ವೇರ್ ಪ್ರತಿ ಚಿಕ್ಕ ಜಾಗವನ್ನೂ ಅದರ ಅಕ್ಕಪಕ್ಕದ ಜೊತೆ ಹೋಲಿಸಿ ವ್ಯತ್ಯಾಸ ಹೆಚ್ಚು ಮಾಡುತ್ತದೆ. ಕಂಬದ ಮೇಲಿನ ಧೂಳು, ಗೀರು, ಕಲೆ ಎಲ್ಲ ಎದ್ದು ನಿಲ್ಲುತ್ತವೆ. ಮೆಲ್ಲಗೆ ಆರುತ್ತಿದ್ದ ಬೆಳಕು ಚೂರು ಚೂರಾಗುತ್ತದೆ. ನಯವಾದ ಕಂಬ ಒರಟಾಗುತ್ತದೆ, ದುಂಡಗಿನದು ಚಪ್ಪಟೆಯಾಗುತ್ತದೆ. ಇದರ ಮೇಲೆ ಬಣ್ಣದ ಗುಂಡಿಯನ್ನೂ ಏರಿಸಿದರೆ ನೆರಳಿನಲ್ಲಿ ಅಡಗಿದ್ದ ಒಂದಿಷ್ಟು ನೀಲಿ ಹೊರಗೆ ಬಂದು ಬಳಪದ ಕಲ್ಲು ನೇರಳೆಗೆ ತಿರುಗುತ್ತದೆ. ನಿಮ್ಮ ಫೋಟೋದಲ್ಲಿ ಆಗಿರುವುದು ಇದೇ ಇರಬೇಕು.

ಇದಕ್ಕೆ ನಾನು ಬಳಸುವ ಅಳತೆಗೋಲು ಒಂದೇ. ಹೊರಗೆ ನಿಜವಾಗಿ ಯಾವುದು ಬೆಳ್ಳಗಿತ್ತೋ ಅದು ಫೋಟೋದಲ್ಲೂ ಬೆಳ್ಳಗೇ ಇರಬೇಕು. ಅಂತರ ಕಡಿಮೆ ಮಾಡಬಹುದು, ಸರದಿ ತಪ್ಪಿಸಬಾರದು. ಬಾಗಿಲಾಚೆಯ ಅಂಗಳಕ್ಕಿಂತ ಒಳಗಿನ ಕಂಬ ಬೆಳ್ಳಗಾಯಿತಾ? ಹೆಚ್ಚಾಯಿತು, ಹಿಂದೆ ಬನ್ನಿ. ಹೊರಗಡೆಯ ಫೋಟೋ ಆದರೆ ಶಿಖರದ ಅಂಚಿನ ಸುತ್ತ ಆಕಾಶ ನೋಡಿ. ಅಂಚಿಗೆ ಅಂಟಿಕೊಂಡ ಹಾಗೆ ಒಂದು ಬಿಳಿ ಪ್ರಭಾವಳಿ ಕಂಡರೆ ಅಲ್ಲೂ ಸರದಿ ತಪ್ಪಿದೆ. ಆ ದಿನ ಆಕಾಶದಲ್ಲಿ ಅಂಥ ಬೆಳಕು ಇರಲಿಲ್ಲ, ಅಲ್ವಾ?

ಒಂದು ಘಟನೆ ಹೇಳಬೇಕು. ಶುರುವಿನ ದಿನಗಳಲ್ಲಿ ಮಲೆನಾಡಿನ ನೆಂಟರೊಬ್ಬರ ತೊಟ್ಟಿ ಮನೆಯ ಫೋಟೋ ತೆಗೆದಿದ್ದೆ. ನಡುವೆ ತೊಟ್ಟಿಯಲ್ಲಿ ಬಿಸಿಲು, ಸುತ್ತ ಜಗಲಿ, ಅದರ ಹಿಂದೆ ಅಡುಗೆಮನೆಯ ಬಾಗಿಲು. ಏಳು ಫ್ರೇಮ್ ತೆಗೆದು, ರಾತ್ರಿಯೆಲ್ಲ ಕೂತು ಪ್ರತಿ ಮೂಲೆಯನ್ನೂ ಬೆಳಗಿಸಿದೆ. ಪ್ರಿಂಟ್ ಹಾಕಿಸಿ ಆ ಮನೆಯ ಅಜ್ಜಿಗೆ ಕೊಟ್ಟೆ. ಅವರು ತುಂಬಾ ಹೊತ್ತು ನೋಡಿ, ‘ಅಡುಗೆಮನೆ ಬಾಗಿಲು ಎಲ್ಲಿ ಹೋಯಿತು?’ ಅಂತ ಕೇಳಿದರು. ಬಾಗಿಲು ಫೋಟೋದಲ್ಲೇ ಇತ್ತು. ಆದರೆ ಅರುವತ್ತು ವರ್ಷ ಅವರು ಕಂಡಿದ್ದು ಜಗಲಿಯ ಆಚೆ ಒಂದು ಕಪ್ಪು ಚೌಕ, ಅದರೊಳಗೆ ಒಲೆಯ ಕೆಂಪು. ಅದನ್ನು ನಾನು ಅಳಿಸಿಬಿಟ್ಟಿದ್ದೆ. ಅವತ್ತಿನಿಂದ ಫೋಟೋ ತೆಗೆಯುವ ಮುಂಚೆ ಕ್ಯಾಮೆರಾ ಕೆಳಗಿಟ್ಟು ನೋಡುತ್ತೇನೆ. ಇಲ್ಲಿ ಯಾವುದು ಕತ್ತಲಾಗಿದೆ, ಅದರಲ್ಲಿ ಯಾವುದು ಕತ್ತಲಾಗಿಯೇ ಇರಬೇಕು ಅಂತ ಎರಡು ಮಾತು ಬರೆದುಕೊಳ್ಳುತ್ತೇನೆ. ಕಂಪ್ಯೂಟರ್ ಮುಂದೆ ಕೂತಾಗ ಆ ಚೀಟಿ ಪಕ್ಕದಲ್ಲಿರುತ್ತದೆ.

ಈಗ ನಿಮ್ಮನ್ನು ಮತ್ತೆ ಸೋಮನಾಥಪುರಕ್ಕೆ ಕಳಿಸಬಹುದು. ಹೊರಡುವ ಮುಂಚೆ ಹೊತ್ತು ನೋಡಿಕೊಳ್ಳಿ. ಗುಡಿ ಪೂರ್ವಕ್ಕೆ ಮುಖ ಮಾಡಿದೆ. ಬೆಳಗ್ಗೆ ಬಾಗಿಲಾಚೆ ಬಿಸಿಲು ನೇರ ಬೀಳುತ್ತದೆ, ಅಂತರ ವಿಪರೀತ. ಸಂಜೆ ನಾಲ್ಕರ ಮೇಲೆ ಹೋದರೆ ಗುಡಿಯ ನೆರಳೇ ಮುಂದಿನ ಅಂಗಳದ ಮೇಲೆ ಬೀಳುತ್ತದೆ. ಅಲ್ಲಿಗೆ ಎರಡು ಮೂರು ಸ್ಟಾಪ್ ಕಷ್ಟ ತಾನಾಗಿ ಕಡಿಮೆ ಆಯಿತು. ಮೋಡದ ದಿನವಾದರೆ ಇನ್ನೂ ಸುಲಭ. ಸಾಫ್ಟ್‌ವೇರಿನಲ್ಲಿ ಎರಡು ಗಂಟೆ ಗುದ್ದಾಡುವುದಕ್ಕಿಂತ ಸರಿಯಾದ ಹೊತ್ತಿಗೆ ಹೋಗುವುದು ಎಷ್ಟೋ ಮೇಲು.

ಟ್ರೈಪಾಡ್ ಬಳಸಬೇಕು ಅಂದರೆ ಇಂಥ ಸ್ಮಾರಕಗಳಲ್ಲಿ ಪುರಾತತ್ವ ಇಲಾಖೆಯ ಅನುಮತಿ ಬೇಕು. ಅನುಮತಿ ಇಲ್ಲದೆ ಹೋದರೂ ಕೆಲಸ ಆಗುತ್ತದೆ. ಲೆಕ್ಕ ಹೀಗಿದೆ. ಭುವನೇಶ್ವರಿಗೆ ಮೀಟರ್ 4 ಸೆಕೆಂಡ್ ಅಂತು. ಮೀಟರ್ ಎಲ್ಲವನ್ನೂ ಮಧ್ಯದ ಬೂದಿ ಬಣ್ಣಕ್ಕೆ ತರಲು ನೋಡುತ್ತದೆ, ಅದರ ಸ್ವಭಾವವೇ ಹಾಗೆ. ನಮಗೆ ಭುವನೇಶ್ವರಿ ಅಷ್ಟು ಬೆಳಗುವುದು ಬೇಡ. ಅದು ಕಾಣಬೇಕು, ಆದರೆ ಕತ್ತಲಲ್ಲೇ ಕಾಣಬೇಕು. ಎರಡು ಸ್ಟಾಪ್ ಕಡಿಮೆ ಮಾಡಿದರೆ 1 ಸೆಕೆಂಡ್. ರಾ ಫೈಲಿನಲ್ಲಿ ಒಂದು ಸ್ಟಾಪ್ ಎತ್ತುವುದು ಕಷ್ಟವಲ್ಲ, ಹಾಗಾಗಿ 1/2 ಸೆಕೆಂಡ್ ಸಾಕು. ಹೊರಗಿನ ಕಲ್ಲಿಗೆ 1/500. ಎರಡೆರಡು ಸ್ಟಾಪಿಗೆ ಐದು ಫ್ರೇಮ್: 1/500, 1/125, 1/30, 1/8, 1/2. ಟ್ರೈಪಾಡ್ ಇದ್ದರೆ ಹೀಗೆ.

ಕೈಯಲ್ಲೇ ಹಿಡಿಯಬೇಕಾದರೆ ಐಎಸ್‌ಒ 800ಕ್ಕೆ ಏರಿಸಿ. ಮೂರು ಸ್ಟಾಪ್ ಸಿಕ್ಕಿತು. ಅದೇ ಐದು ಫ್ರೇಮ್ ಈಗ 1/4000, 1/1000, 1/250, 1/60, 1/15 ಆಗುತ್ತವೆ. ಲೆನ್ಸನ್ನು 18ಕ್ಕೆ ಇಟ್ಟು, ಅಲುಗಾಟ ತಡೆಯುವ ಗುಂಡಿ ಆನ್ ಮಾಡಿ, ಮೊಣಕೈ ಎದೆಗೆ ಒತ್ತಿ, ಗೋಡೆಗೆ ಬೆನ್ನು ಕೊಟ್ಟು, ಅರ್ಧ ಉಸಿರು ಬಿಟ್ಟು ಹಿಡಿದರೆ 1/15 ಆರಾಮಾಗಿ ಬರುತ್ತದೆ. ಆ ಕೊನೆಯ ಫ್ರೇಮನ್ನು ಮೂರು ನಾಲ್ಕು ಸಲ ತೆಗೆಯಿರಿ, ಒಂದಾದರೂ ಚೂಪಾಗಿರುತ್ತದೆ. ಗೋಡೆಗೆ ಒರಗುವಾಗ ಕೆತ್ತನೆ ಇರುವ ಕಡೆ ಬೇಡ. ಬೆವರು, ಬ್ಯಾಗಿನ ಜಿಪ್ಪು ಎರಡೂ ಆ ಕಲ್ಲಿಗೆ ಒಳ್ಳೆಯದಲ್ಲ. ಬಳಪದ ಕಲ್ಲು ಮೆತ್ತಗಿನದು, ಅದಕ್ಕೇ ಅಷ್ಟು ಸಣ್ಣ ಕೆತ್ತನೆ ಸಾಧ್ಯವಾಯಿತು, ಅದಕ್ಕೇ ಬೇಗ ಗೀರೂ ಬೀಳುತ್ತದೆ.

ಸೇರಿಸುವಾಗ ಸಾಫ್ಟ್‌ವೇರಿನಲ್ಲಿ ಫ್ರೇಮ್ ಜೋಡಿಸುವ ಆಯ್ಕೆ ಆನ್ ಮಾಡುವುದು ಮರೆಯಬೇಡಿ. ಕೈ ಎಷ್ಟೇ ಗಟ್ಟಿ ಇದ್ದರೂ ಕೂದಲೆಳೆಯಷ್ಟು ಜರುಗಿರುತ್ತದೆ.

ಜನ ಓಡಾಡುವ ಜಾಗ ಅದು. ಒಂದು ಫ್ರೇಮಿನಲ್ಲಿ ಬಾಗಿಲಲ್ಲಿ ಒಬ್ಬರು, ಮುಂದಿನದರಲ್ಲಿ ಅವರು ಎರಡು ಹೆಜ್ಜೆ ಆಚೆ. ಸೇರಿಸಿದಾಗ ಅರ್ಧ ಪಾರದರ್ಶಕ ಮನುಷ್ಯರು ಕಾಣುತ್ತಾರೆ. ಇದಕ್ಕೆ ಡೀಘೋಸ್ಟ್ ಅಂತ ಒಂದು ಆಯ್ಕೆ ಇದೆ. ಆ ಜಾಗಕ್ಕೆ ಒಂದೇ ಫ್ರೇಮನ್ನು ಬಳಸಿ ಸರಿ ಮಾಡುತ್ತದೆ. ಕಡಿಮೆಯಲ್ಲಿ ಶುರು ಮಾಡಿ. ಜಾಸ್ತಿ ಇಟ್ಟರೆ ಬೇಡದ ಕಡೆಯೂ ಕೈ ಹಾಕಿ ಚುಕ್ಕೆ ತರುತ್ತದೆ. ಬಾಗಿಲು ಖಾಲಿಯಾಗುವವರೆಗೆ ಕಾಯುವುದು ಇದಕ್ಕಿಂತ ಒಳ್ಳೆಯ ಉಪಾಯ.

ಗರ್ಭಗುಡಿಯ ಹತ್ತಿರ ದೀಪ ಹಾಕಿದ್ದರೆ ಇನ್ನೊಂದು ತೊಡಕು. ದೀಪದ ಬೆಳಕು ಹಳದಿ, ಬಾಗಿಲಿನದು ನೀಲಿಯ ಕಡೆಗೆ. ಎರಡನ್ನೂ ಒಂದೇ ಬಿಳಿಗೆ ತರಲು ಒದ್ದಾಡಬೇಡಿ. ಹಗಲು ಬೆಳಕಿಗೆ ಸರಿ ಮಾಡಿ, ದೀಪದ ಹಳದಿಯನ್ನು ಇರಲು ಬಿಡಿ. ತೀರಾ ಕಿತ್ತಳೆಯಾದರೆ ಅಲ್ಲಿ ಮಾತ್ರ ಬ್ರಶ್ಶಿನಿಂದ ಸ್ವಲ್ಪ ಇಳಿಸಿ.

ಟಿವಿ ಅಂಗಡಿಯಲ್ಲೂ ಎಚ್‌ಡಿಆರ್ ಅನ್ನುತ್ತಾರೆ. ಅದು ಬೇರೆ ವಿಷಯ. ಅಲ್ಲಿ ಪರದೆಯೇ ಹೆಚ್ಚು ಬೆಳಕು ತೋರಿಸುತ್ತದೆ, ನಾವು ಒತ್ತಿ ಚಿಕ್ಕದು ಮಾಡುವಷ್ಟು ಕೆಲಸ ಇರುವುದಿಲ್ಲ. 2023ರ ಆಂಡ್ರಾಯ್ಡ್ 14ರಿಂದ ಫೋನಿನ ಫೋಟೋಗಳಿಗೂ ಅದು ಬಂದಿದೆ. ಸದ್ಯಕ್ಕೆ ಅದರ ಕಡೆ ಹೋಗಬೇಡಿ, ನಿಮ್ಮ ಕಲಿಕೆಗೆ ಅದು ಬೇಕಿಲ್ಲ. ಹೊಸ ಲೆನ್ಸು, ಹೊಸ ಕ್ಯಾಮೆರಾ ಕೂಡ ಬೇಕಿಲ್ಲ.

ಗುಡಿಯಲ್ಲಿರುವಾಗ ಇನ್ನೊಂದು ಕೆಲಸ ಮಾಡಿ. ಬಾಗಿಲ ಕಡೆ ಬೆನ್ನು ಹಾಕಿ, ಒಂದು ಭುವನೇಶ್ವರಿಯನ್ನು ಮಾತ್ರ ಫ್ರೇಮಿನಲ್ಲಿ ತುಂಬಿಸಿ. ಕ್ಯಾಮೆರಾವನ್ನು ನೆಲದ ಮೇಲೆ ಮಲಗಿಸಿ, ಲೆನ್ಸ್ ಮೇಲಕ್ಕೆ ಮಾಡಿ ಟೈಮರ್ ಹಾಕಿದರೆ ಸಾಕು. ಅಲ್ಲಿ ಬೆಳಕಿನ ಅಂತರ ಐದಾರು ಸ್ಟಾಪ್ ಇದ್ದರೆ ಹೆಚ್ಚು. ಒಂದೇ ಫ್ರೇಮಿನಲ್ಲಿ ಎಲ್ಲ ಬರುತ್ತದೆ, ಎಚ್‌ಡಿಆರ್ ಬೇಡವೇ ಬೇಡ. ಮಂಜಿನ ಬೆಟ್ಟ, ಮಳೆಯ ಬೀದಿ, ಕಿಟಕಿಯಿಂದ ದೂರ ಕೂತ ಮುಖ, ಇವಕ್ಕೂ ಬೇಡ. ಸಂಜೆಯ ಆಕಾಶದ ಮುಂದೆ ನಿಂತ ಮರ ಕಪ್ಪಾಗಿಯೇ ಚೆಂದ, ಅದರ ತೊಗಟೆ ಕಾಣಬೇಕಾಗಿಲ್ಲ.

ನಿಮ್ಮ ಹಳೆಯ ಮೂರು ಫ್ರೇಮ್ ಇನ್ನೂ ಇದ್ದರೆ ಅಳಿಸಬೇಡಿ. ಬಣ್ಣ ಬಳಿದ ಹಾಗೆ ಬಂದ ಫೋಟೋವನ್ನು ಬೇಕಾದರೆ ಅಳಿಸಿ, ಮೂಲ ಫ್ರೇಮ್‌ಗಳನ್ನು ಒಂದು ಫೋಲ್ಡರಿನಲ್ಲಿ ಇಡಿ, ಇನ್ನೊಂದು ಡಿಸ್ಕಿನಲ್ಲೂ ಒಂದು ಪ್ರತಿ ಇರಲಿ. ತೊಟ್ಟಿ ಮನೆಯ ಆ ಏಳು ಫ್ರೇಮ್ ನನ್ನ ಹತ್ತಿರ ಇದ್ದವು. ಎಷ್ಟೋ ವರ್ಷ ಆದ ಮೇಲೆ ಮತ್ತೆ ಸೇರಿಸಿದೆ. ಈ ಸಲ ನಾಲ್ಕೇ ಬಳಸಿದೆ. ತೊಟ್ಟಿಯ ಬಿಸಿಲು ಬಿಸಿಲಾಗಿಯೇ ಇದೆ, ಜಗಲಿಯ ಕಂಬಗಳು ಕಾಣುತ್ತವೆ, ಅಡುಗೆಮನೆಯ ಬಾಗಿಲು ಕಪ್ಪಗಿದೆ, ಒಳಗೆ ಒಲೆಯ ಕೆಂಪು ಒಂದು ಚುಕ್ಕೆ.